ಮೂರನೆಯ ಹಕ್ಕಿಯ ಜಾಗ

೧೯೯೯ರ ಬೇಸಿಗೆಯಲ್ಲಿ ನಾನು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷವಾಗಿತ್ತು. ನಮ್ಮ ವಿಭಾಗ ಎಂದರೆ ನೆಲಮಹಡಿಯಲ್ಲಿ ಎಕ್ಸ್‌ರೇ ಕೋಣೆಯ ಪಕ್ಕದ ಒಂದು ಕೊಠಡಿ. ಒಂದು ಮೇಜು, ಎರಡು ಕುರ್ಚಿ, ಒಂದು ಕಿಟಕಿ, ಗೋಡೆಯಲ್ಲೊಂದು ದೊಡ್ಡ ಕನ್ನಡಿ. ಕನ್ನಡಿ ನನ್ನ ಅಲಂಕಾರಕ್ಕಲ್ಲ, ತುಟಿ ನಾಲಿಗೆ ಹೇಗೆ ಆಡಬೇಕೆಂದು ರೋಗಿಗಳಿಗೆ ತೋರಿಸುವುದಕ್ಕೆ. ನೆಂಟರು ಮದುವೆ ಮನೆಗಳಲ್ಲಿ ಸಿಕ್ಕಾಗ "ತೊದಲು ಬಿಡಿಸೋ ಕೆಲಸ ಅಲ್ವೇನಮ್ಮ ನಿಂದು?" ಎಂದು ಕೇಳುತ್ತಿದ್ದರು. ವಿವರಿಸುವ ತಾಳ್ಮೆ ನನಗೆ ಯಾವತ್ತೂ ಇರಲಿಲ್ಲ. ಹೌದು ಎಂದು ಹೇಳಿ ಊಟಕ್ಕೆ ಕೂರುತ್ತಿದ್ದೆ.

ನಿಜವಾಗಿ ನನ್ನ ಹತ್ತಿರ ಬರುತ್ತಿದ್ದವರಲ್ಲಿ ಹೆಚ್ಚಿನವರು ಸ್ಟ್ರೋಕ್ ಆದವರು. ಮೆದುಳಿನ ಎಡಭಾಗಕ್ಕೆ ರಕ್ತ ಸಂಚಾರ ನಿಂತರೆ ಬಲಗೈ ಬಲಗಾಲು ಬೀಳುತ್ತವೆ. ಅವುಗಳ ಜೊತೆಗೆ ಎಷ್ಟೋ ಸಲ ಮಾತೂ ಹೋಗುತ್ತದೆ. ಅದಕ್ಕೆ ಅಫೇಸಿಯಾ ಎನ್ನುತ್ತೇವೆ. ನಾಲಿಗೆ ಚೆನ್ನಾಗಿರುತ್ತದೆ, ಗಂಟಲು ಚೆನ್ನಾಗಿರುತ್ತದೆ, ಹೇಳಬೇಕಾದ ವಿಷಯವೂ ತಲೆಯಲ್ಲಿರುತ್ತದೆ, ಪದ ಮಾತ್ರ ಸಿಗುವುದಿಲ್ಲ. ಮನೆಯವರಿಗೆ ಇದನ್ನು ಅರ್ಥ ಮಾಡಿಸುವುದೇ ಅರ್ಧ ಚಿಕಿತ್ಸೆ.

ಚಿತ್ರಕಲೆಗೂ ನನಗೂ ಮೊದಲಿನಿಂದ ಆಗಿಬರುವುದಿಲ್ಲ. ಹೈಸ್ಕೂಲಿನಲ್ಲಿ ನಾನು ಬರೆದ ಗಿಳಿಯನ್ನು ಡ್ರಾಯಿಂಗ್ ಮೇಷ್ಟ್ರು ಮೆಣಸಿನಕಾಯಿ ಎಂದುಕೊಂಡು ಒಳ್ಳೆಯ ಅಂಕ ಕೊಟ್ಟಿದ್ದರು. ಅಂಥವಳ ಪಾಲಿಗೆ ಒಂದು ಚಿತ್ರದ ಅರ್ಥ ಹೇಳುವ ಕೆಲಸ ಬಂತು. ಹಕ್ಕಿಗಳ ನಡುವೆ ಕುಳಿತ ಒಬ್ಬ ಹೆಂಗಸಿನ ಚಿತ್ರ. ಅದರಲ್ಲಿ ಒಂದು ಜಾಗ ಯಾಕೆ ಖಾಲಿಯಿದೆ ಎಂಬುದಕ್ಕೆ ನಾನು ಕೊಡುವ ಉತ್ತರದ ಮೇಲೆ ಒಂದು ಮನೆಯ ಮೂವರ ಬದುಕು ನಿಂತಿತ್ತು.

ಚಿತ್ರ ಬರೆದವರು ಗಿರಿಜಾಂಬ. ಆಗ ಅವರಿಗೆ ಐವತ್ತೆರಡು ವರ್ಷ. ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರ ಬರೆಯುತ್ತಿದ್ದವರು, ಮನೆಯ ಹಜಾರದಲ್ಲೇ ಬಡಾವಣೆಯ ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದವರು. ಗಂಡ ಶಿವಬಸಪ್ಪನವರದು ಸಂತೇಪೇಟೆಯಲ್ಲಿ ತಂದೆಯ ಕಾಲದ ಗ್ರಂಧಿಗೆ ಅಂಗಡಿ. ವಿಭೂತಿ, ಕರ್ಪೂರ, ಊದಿನಕಡ್ಡಿ, ನಾರುಬೇರುಗಳ ವ್ಯಾಪಾರ. ಅವರು ಕೋಣೆಗೆ ಬಂದರೆ ಆಸ್ಪತ್ರೆಯ ಫಿನಾಯಿಲ್ ವಾಸನೆ ಸ್ವಲ್ಪ ಹೊತ್ತು ಅಡಗುತ್ತಿತ್ತು. ಮಗಳು ಉಮಾ ಉದಯಗಿರಿಯ ಒಂದು ಶಾಲೆಯಲ್ಲಿ ಟೀಚರ್. ಮಗ ಮಹೇಶ ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್; ಇಪ್ಪತ್ತನಾಲ್ಕು ವರ್ಷದ, ನಗುಮುಖದ ಹುಡುಗ.

ಮಾರ್ಚ್‌ನಲ್ಲಿ ಗಿರಿಜಾಂಬ ಅವರಿಗೆ ಸ್ಟ್ರೋಕ್ ಆಯಿತು. ಮೊದಲ ವಾರಗಳಲ್ಲಿ ಅವರ ಸ್ಥಿತಿ ತುಂಬಾ ಕೆಟ್ಟದಾಗಿತ್ತು. ಕಣ್ಣು ಬಿಡುತ್ತಿದ್ದರು, ಮುಚ್ಚುತ್ತಿದ್ದರು. ಕೈ ಎತ್ತಿ ಎಂದರೆ ಎತ್ತುತ್ತಿರಲಿಲ್ಲ, ನಾಲಿಗೆ ತೋರಿಸಿ ಎಂದರೆ ತೋರಿಸುತ್ತಿರಲಿಲ್ಲ. ಹೇಳಿದ್ದು ಅರ್ಥವಾಗುತ್ತಿದೆಯೋ ಇಲ್ಲವೋ ಅನುಮಾನ ಎಂದು ಡಾಕ್ಟರು ಮನೆಯವರಿಗೆ ತಿಳಿಸಿದ್ದರು. ಬಲಗಡೆಯ ನೋಟ ಕಡಿಮೆಯಾಗಿದೆ ಎಂದೂ ಫೈಲಿನಲ್ಲಿ ಬರೆದಿದ್ದರು. ಇಂಥ ಸ್ಟ್ರೋಕಿನಲ್ಲಿ ಕೆಲವರಿಗೆ ಕಣ್ಣೆದುರಿನ ಬಲ ಅರ್ಧ ಕಾಣದಂತಾಗುತ್ತದೆ. ತಟ್ಟೆಯ ಎಡಗಡೆಯ ಅನ್ನ ಮಾತ್ರ ತಿಂದು ಎದ್ದುಬಿಡುವವರನ್ನು ನಾನು ನೋಡಿದ್ದೇನೆ.

ಮಹೇಶ ಶಿಫ್ಟ್ ಮುಗಿದ ಕೂಡಲೇ ವಾರ್ಡಿಗೆ ಬಂದು ತಾಯಿಯ ಕಾಲು ಒತ್ತುತ್ತಾ ಕೂರುತ್ತಿದ್ದ. ಒಮ್ಮೆ ನನ್ನನ್ನು ಕಾರಿಡಾರಿನಲ್ಲಿ ತಡೆದು, "ಅಮ್ಮ ಮತ್ತೆ ನನ್ನ ಬಯ್ಯೋ ಹಾಗೆ ಮಾಡಿ ಮೇಡಂ, ಅಷ್ಟು ಸಾಕು" ಎಂದಿದ್ದ. ಏಪ್ರಿಲ್‌ನ ಒಂದು ಸಂಜೆ ಕಾರ್ಖಾನೆಯಿಂದ ಆಸ್ಪತ್ರೆಗೆ ಬರುವಾಗ ಕೆಆರ್‌ಎಸ್ ರಸ್ತೆಯಲ್ಲಿ ಅವನ ಸ್ಕೂಟರಿಗೆ ಲಾರಿ ಹೊಡೆಯಿತು. ಅಲ್ಲೇ ಹೋದ. ಮಂಡಕಳ್ಳಿ ಹತ್ತಿರ ಅವರದೊಂದು ತುಂಡು ಹೊಲವಿತ್ತು. ಮರುದಿನ ಮಧ್ಯಾಹ್ನ ಅಲ್ಲಿ ಮಣ್ಣು ಮಾಡಿದರು.

ತಾಯಿಗೆ ಹೇಳಲಿಲ್ಲ. ನಮ್ಮ ಕಡೆ ಇದು ವಾಡಿಕೆ. ಹಾಸಿಗೆ ಹಿಡಿದವರ ಮುಂದೆ ಸಾವಿನ ಸುದ್ದಿ ಎತ್ತುವುದಿಲ್ಲ. ಸತ್ತವರನ್ನು ಯಾವುದಾದರೂ ದೂರದ ಊರಿಗೆ ಕಳಿಸಿಬಿಡುತ್ತೇವೆ. ಮಹೇಶನನ್ನು ಪುಣೆಗೆ ಕಳಿಸಿದರು. ಕಂಪನಿಯವರು ಟ್ರೈನಿಂಗಿಗೆ ಕಳಿಸಿದ್ದಾರೆ, ಬರುವುದು ತಡ ಎಂದು ಕಥೆ ಕಟ್ಟಿದರು. ಮಾತಾಡಲಾಗದವರ ಕೈಗೆ ಫೋನ್ ಕೊಡುವ ಪ್ರಶ್ನೆಯೂ ಇರಲಿಲ್ಲ, ಹೀಗಾಗಿ ಕಥೆಗೆ ಅಡ್ಡಿಯಾಗಲಿಲ್ಲ. ಮೇ ತಿಂಗಳಲ್ಲಿ ಡಿಸ್ಚಾರ್ಜ್ ಆಗಿ, ವಾರಕ್ಕೆ ಎರಡು ಸಲ ಥೆರಪಿಗೆ ಬರತೊಡಗಿದಾಗ ಉಮಾ ಮೊದಲ ದಿನವೇ ನನ್ನನ್ನು ಬಾಗಿಲಾಚೆ ಕರೆದು ವಿಷಯ ತಿಳಿಸಿದಳು. ಕೈ ಹಿಡಿದು, "ನಿಮ್ಮ ಬಾಯಲ್ಲೂ ಬರೋದು ಬೇಡ ಮೇಡಂ" ಎಂದಳು. ಒಪ್ಪಿದೆ. ಮನೆಯವರ ತೀರ್ಮಾನದಲ್ಲಿ ಥೆರಪಿಸ್ಟ್ ತಲೆ ಹಾಕುವಂತಿಲ್ಲ.

ಜೂನ್ ಕೊನೆಗೆ ನಾನು ಗಿರಿಜಾಂಬ ಅವರ ಗ್ರಹಿಕೆಯ ಪರೀಕ್ಷೆ ಮಾಡಿದೆ. ಸರಳವಾದ ಪರೀಕ್ಷೆ: ಮೇಜಿನ ಮೇಲೆ ಬಾಚಣಿಗೆ, ಬೀಗದಕೈ, ಚಮಚ, ಲೋಟ ಇಟ್ಟು, "ಬೀಗದಕೈ ಲೋಟದೊಳಗೆ ಹಾಕಿ, ಆಮೇಲೆ ಬಾಚಣಿಗೆ ನನಗೆ ಕೊಡಿ" ಎಂಬಂಥ ಮಾತು ಹೇಳುವುದು. ಅವರು ಎಡಗೈಯಲ್ಲಿ ಎಲ್ಲವನ್ನೂ ಸರಿಯಾಗಿ ಮಾಡಿದರು. ಹೌದು ಅಲ್ಲ ಪ್ರಶ್ನೆಗಳಿಗೆ ತಲೆಯಾಡಿಸಿ ಉತ್ತರಿಸಿದರು, ಒಂದೂ ತಪ್ಪಲಿಲ್ಲ. ಬಾಯಿಂದ 'ಆ' ಬಿಟ್ಟರೆ ಬೇರೆ ಶಬ್ದವಿಲ್ಲ, ಆದರೆ ನಾವಾಡುವುದೆಲ್ಲ ಅರ್ಥವಾಗುತ್ತಿದೆ. ನನಗೆ ಸಂತೋಷ ತಡೆಯಲಾಗಲಿಲ್ಲ. ಅಂಗಡಿ ಮುಚ್ಚಿ ಬಂದ ಶಿವಬಸಪ್ಪನವರನ್ನು ಬಾಗಿಲಲ್ಲೇ ನಿಲ್ಲಿಸಿ ಹೇಳಿದೆ. ಅವರು ಸಂತೋಷಪಡಲಿಲ್ಲ.

"ಯಾವಾಗಿಂದ ಅರ್ಥ ಆಗ್ತಾ ಇದೆ ಮೇಡಂ?" ಎಂದು ಕೇಳಿದರು.

"ಹಾಗೆ ದಿನ ಹೇಳೋಕಾಗಲ್ಲ ಯಜಮಾನರೇ. ಮೆಲ್ಲಮೆಲ್ಲಗೆ ಬಂದಿರಬಹುದು. ಮೊದಲಿಂದಲೇ ಇದ್ದು ನಮಗೇ ಗೊತ್ತಾಗದೇ ಇರಬಹುದು."

ಅವರು ಬೆಂಚಿನ ಮೇಲೆ ಕುಳಿತುಬಿಟ್ಟರು. ಇನ್ನು ಮುಂದೆ ಮಾತಿನಲ್ಲಿ ಎಚ್ಚರ ಬೇಕಲ್ಲ ಎಂಬ ಚಿಂತೆ ಇರಬೇಕೆಂದು ನಾನು ಎಣಿಸಿದೆ.

ಅಲ್ಲಿಂದ ಮುಂದೆ ಪುಣೆಯ ಕಥೆ ಬೆಳೆಯಿತು. ಶಿವಬಸಪ್ಪನವರು ಕಥೆಗಾರರಲ್ಲ, ಆದರೆ ದಿನಾ ಸಂಜೆ ಹೆಂಡತಿಯ ಮುಂದೆ ಕುಳಿತು ಮಗನ ಸುದ್ದಿ ಹೇಳುವುದನ್ನು ತಪ್ಪಿಸುತ್ತಿರಲಿಲ್ಲ. ನನ್ನ ಕೋಣೆಯಲ್ಲೂ ಹೇಳುತ್ತಿದ್ದರು. "ಮಹೇಶ ಪುಣೆಲಿ ಚಪಾತಿ ತಿಂದು ದಪ್ಪ ಆಗವ್ನಂತೆ ಕಣೇ." ಇನ್ನೊಂದು ದಿನ, "ರೂಮಲ್ಲಿ ಇನ್ನಿಬ್ಬರು ಹುಡುಗರು ಅವರೆ, ಇವನೇ ಅಡುಗೆಯಂತೆ. ಮನೇಲಿ ಒಂದು ಲೋಟ ಎತ್ತಿಟ್ಟೋನಲ್ಲ." ಗಿರಿಜಾಂಬ ಕೇಳುತ್ತಿದ್ದರು. ಆಡುವ ಅರ್ಧ ತುಟಿಯಲ್ಲಿ ನಗುತ್ತಿದ್ದರು. ನಾನು ಆ ಹೊತ್ತಿಗೆ ಬೀರುವಿನಲ್ಲಿ ಏನೋ ಹುಡುಕುವವಳಂತೆ ತಿರುಗಿ ನಿಲ್ಲುತ್ತಿದ್ದೆ. ನಿಜ ಹೇಳುತ್ತೇನೆ, ಆ ನಗುವನ್ನು ನೋಡುವ ಧೈರ್ಯ ನನಗಿರಲಿಲ್ಲ.

ಮಾತು ಬರುವುದು ನಿಧಾನವಾಯಿತು. ಒಂದರಿಂದ ಹತ್ತರವರೆಗೆ ನನ್ನ ಜೊತೆ ಎಣಿಸುತ್ತಿದ್ದರು, 'ಓಂ ನಮಃ ಶಿವಾಯ' ತಾನಾಗಿ ಬರುತ್ತಿತ್ತು. ಬಾಯಿಪಾಠವಾದದ್ದು ಮೆದುಳಿನ ಬೇರೆ ದಾರಿಯಲ್ಲಿ ಬರುತ್ತದೆ. ಆದರೆ "ನೀರು ಬೇಕು" ಎನ್ನಲು ಹೋದರೆ ಹಣೆಯಲ್ಲಿ ಬೆವರು ಬರುತ್ತಿತ್ತು, ಕಣ್ಣಲ್ಲಿ ಸಿಟ್ಟು ಬರುತ್ತಿತ್ತು, ನೀರು ಎಂಬ ಪದ ಬರುತ್ತಿರಲಿಲ್ಲ. ಎಡಗೈಯಲ್ಲಿ ಚಿತ್ರ ಬರೆಯಲಿ, ಮನಸ್ಸಾದರೂ ಹಗುರವಾಗಲಿ ಎಂದು ಆಗಸ್ಟ್‌ನಲ್ಲಿ ನಾನೇ ಉಮಾಗೆ ಸೂಚಿಸಿದೆ. ಮೊದಲು ಬ್ರಷ್ ಎಸೆದರಂತೆ. ಆಮೇಲೆ ಹಿಡಿದರಂತೆ.

೨೦೦೦ದ ಜನವರಿ, ಸಂಕ್ರಾಂತಿ ಕಳೆದ ವಾರ. ಉಮಾ ಒಂದು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಆ ಚಿತ್ರ ತಂದಳು. ತಾಯಿಯನ್ನು ಫಿಸಿಯೋಥೆರಪಿಗೆ ಬಿಟ್ಟು, ತಂದೆಯನ್ನೂ ಕರೆದುಕೊಂಡು ನನ್ನ ಕೋಣೆಗೆ ಬಂದಿದ್ದಳು. ಕಂಕುಳಲ್ಲಿ ಸುರುಳಿ ಸುತ್ತಿದ ಇನ್ನೊಂದು ಹಾಳೆಯಿತ್ತು. ಮೊದಲು ಅದನ್ನು ಬಿಡಿಸಿದಳು. ಒಂದು ಚಿತ್ರದ ಗೆರೆಗಳುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಿದ ತೆಳು ಕಾಗದ.

"ಇದಕ್ಕೆ ಖಾಕಾ ಅಂತೀವಿ ಮೇಡಂ. ಇದನ್ನ ಬೋರ್ಡ್ ಮೇಲಿಟ್ಟು ಇದ್ದಿಲ ಪುಡಿ ತಟ್ಟಿದ್ರೆ ಗೆರೆ ಕೆಳಗಿಳಿಯತ್ತೆ. ಆಮೇಲೆ ಅದರ ಮೇಲೇ ಬರೀಬೇಕು. ನಮ್ಮ ಪದ್ಧತೀಲಿ ಯಾರೂ ಸ್ವಂತಕ್ಕೆ ಜಾಗ ಬದಲಾಯಿಸಲ್ಲ."

ಆ ಖಾಕಾ ಗಿರಿಜಾಂಬ ಅವರೇ ಎಷ್ಟೋ ವರ್ಷದ ಹಿಂದೆ ಮಾಡಿಕೊಂಡದ್ದು. ನಡುವೆ ಮಣೆಯ ಮೇಲೆ ಒಬ್ಬ ಹೆಂಗಸು, ಅಂಗೈಯಲ್ಲಿ ಕಾಳು. ಮಡಿಲಲ್ಲಿ ಕಾಳಿಗಾಗಿ ಕತ್ತೆತ್ತಿ ಕಾಯುವ ಗುಂಡುಹೊಟ್ಟೆಯ ಗಿಳಿ. ಎಡಗಡೆಯ ಹೆಗಲ ಮೇಲೆ ಒಂದು ಸಣ್ಣ ಪಾರಿವಾಳ. ಬಲಗಡೆ, ಇನ್ನೇನು ಇಳಿಯಬೇಕೆಂದು ರೆಕ್ಕೆ ಅರ್ಧ ಬಿಚ್ಚಿದ ಒಂದು ಗೊರವಂಕ. ಗಿಳಿ ಎಂದರೆ ಅಪ್ಪ ಅಂತೆ, ಪಾರಿವಾಳ ಎಂದರೆ ಉಮಾ ಅಂತೆ, ಊಟಕ್ಕೆ ಯಾವಾಗಲೂ ತಡವಾಗಿ ಬರುವ ಗೊರವಂಕ ಎಂದರೆ ಮಹೇಶ ಅಂತೆ. ಮನೆಯಲ್ಲಿ ಇದೊಂದು ತಮಾಷೆ. ಮಣೆಯ ಮೇಲಿನ ಹೆಂಗಸು ನೋಡುವುದು ಆ ತಡವಾಗಿ ಬರುವ ಹಕ್ಕಿಯ ಕಡೆ. ಅಂಗೈ ಚಾಚಿರುವುದೂ ಆ ಕಡೆಗೇ. ಚಿತ್ರ ನೋಡುವವರ ಕಣ್ಣು ಅವಳ ಮುಖದಿಂದ ಕೈಗೆ, ಕೈಯಿಂದ ಹಕ್ಕಿಗೆ ಹೋಗಿ ಮತ್ತೆ ಮುಖಕ್ಕೆ ಬರಬೇಕು, ಇಡೀ ಚಿತ್ರದ ತೂಕ ನಿಂತಿರುವುದು ಅಲ್ಲಿ ಎಂದು ಉಮಾ ಬೆರಳಿಟ್ಟು ತೋರಿಸಿದಳು. ಕಲಿಸಿದರೆ ನನ್ನಂಥವಳಿಗೂ ಚಿತ್ರ ಅರ್ಥವಾಗುತ್ತದೆ.

ಆಮೇಲೆ ಸೀರೆ ಬಿಚ್ಚಿ ಹೊಸ ಚಿತ್ರ ಇಟ್ಟಳು. ಎಡಗೈಯ ಗೆರೆ ಅಲ್ಲಲ್ಲಿ ನಡುಗಿತ್ತು, ಆದರೂ ಅದೇ ಹೆಂಗಸು, ಅದೇ ಮಣೆ. ಪಾರಿವಾಳ ಹೆಗಲ ಮೇಲಿತ್ತು. ಗಿಳಿ ಮಡಿಲಲ್ಲಿತ್ತು, ಆದರೆ ಕಾಳಿಗೆ ಕಾಯುತ್ತಿರಲಿಲ್ಲ. ಕೊಕ್ಕಿನಲ್ಲಿ ತಾನೇ ಒಂದು ಕಾಳು ಹಿಡಿದು ಅವಳ ತುಟಿಗೆ ಎತ್ತುತ್ತಿತ್ತು. ಹೆಂಗಸು ಮೊದಲಿನಂತೆಯೇ ಬಲಗಡೆಗೆ ನೋಡುತ್ತಿದ್ದಳು, ಅಂಗೈಯೂ ಆ ಕಡೆಗೇ ಚಾಚಿತ್ತು. ಅಂಗೈಯಲ್ಲಿ ಕಾಳಿರಲಿಲ್ಲ. ಬಲಗಡೆ, ಅಂಚಿನ ಬಳ್ಳಿ ಬಿಟ್ಟರೆ, ಏನೂ ಇರಲಿಲ್ಲ. ಬರೀ ಬಿಳಿ.

"ಅಮ್ಮನಿಗೆ ಗೊತ್ತಾಗಿದೆ ಮೇಡಂ" ಎಂದಳು ಉಮಾ.

"ಸುಮ್ನಿರು" ಎಂದರು ಶಿವಬಸಪ್ಪ. "ಡಾಕ್ಟ್ರೇ ಬರ್ದಿಲ್ವಾ ಫೈಲಲ್ಲಿ, ಬಲಗಡೆ ಕಾಣಲ್ಲ ಅಂತ? ಕಾಣದ ಕಡೆ ಎಂಗೆ ಬರೀತಾಳೆ ಅವ್ಳು? ಮೇಡಂ, ನೀವೇ ಹೇಳಿ ಇವ್ಳಿಗೆ."

"ಬಲಗಡೆಯ ಅಂಚಿನ ಬಳ್ಳಿ ಬರೆದಿದ್ದಾರಲ್ಲ?" ಎಂದೆ.

"ಅಂಚು ನಾನು ಬರೆದದ್ದು" ಎಂದಳು ಉಮಾ.

ಇಬ್ಬರೂ ನನ್ನ ಮುಖ ನೋಡಿದರು. ಇಬ್ಬರ ಮಾತೂ ಸರಿಯಿರಬಹುದಿತ್ತು. ಆ ಖಾಲಿ ಜಾಗ ಕಾಯಿಲೆಯ ಗುರುತಾದರೆ ಗಿರಿಜಾಂಬ ಅವರ ಮಗ ಇನ್ನೂ ಪುಣೆಯಲ್ಲಿ ಚೆನ್ನಾಗಿದ್ದಾನೆ. ಉಮಾಳ ಮಾತು ನಂಬಿ ಬಾಯಿಬಿಟ್ಟರೆ ನಾವೇ ಅವನನ್ನು ಅವರೆದುರು ಕೊಂದಂತೆ. ಅದು ಬೇಕೆಂದೇ ಬಿಟ್ಟ ಜಾಗವಾದರೆ ಈ ಹೆಂಗಸು ಒಂದು ಮಾತೂ ಇಲ್ಲದೆ, ಒಬ್ಬರ ಹೆಗಲೂ ಇಲ್ಲದೆ, ತಿಂಗಳುಗಟ್ಟಲೆ ಒಬ್ಬರೇ ಮಗನ ದುಃಖ ಅನುಭವಿಸುತ್ತಿದ್ದಾರೆ. ಮೇಲೆ ನಾವು ಅವರನ್ನು ನಗಿಸುತ್ತಿದ್ದೇವೆ. ಅಂದಾಜಿನಲ್ಲಿ ಹೇಳುವ ವಿಷಯವಲ್ಲ ಇದು. ಚಿತ್ರ ನನ್ನ ಹತ್ತಿರ ಬಿಟ್ಟುಹೋಗಿ, ಪರೀಕ್ಷೆ ಮಾಡದೆ ಏನೂ ಹೇಳುವುದಿಲ್ಲ ಎಂದೆ.

ಮುಂದಿನ ಸಲ ಬಂದಾಗ ಗಿರಿಜಾಂಬ ಅವರ ಮುಂದೆ ಒಂದು ಹಾಳೆ ಇಟ್ಟೆ. ಹಾಳೆಯ ತುಂಬ ಚಿಕ್ಕ ಚಿಕ್ಕ ಗೆರೆಗಳನ್ನು ಚೆಲ್ಲಾಪಿಲ್ಲಿಯಾಗಿ ಎಳೆದಿರುತ್ತೇವೆ. ಪ್ರತಿ ಗೆರೆಯ ಮೇಲೂ ಅಡ್ಡ ಗೆರೆ ಹಾಕಬೇಕು. ಬಲಗಡೆ ಕಾಣದವರು, ಅಥವಾ ಕಂಡರೂ ಆ ಕಡೆ ಗಮನ ಹೋಗದವರು, ಎಡಗಡೆಯವನ್ನಷ್ಟೇ ಹೊಡೆದು ಮುಗಿಯಿತು ಎನ್ನುತ್ತಾರೆ. ಗಿರಿಜಾಂಬ ಒಂದನ್ನೂ ಬಿಡಲಿಲ್ಲ. ಕೊನೆಯ ಗೆರೆಯನ್ನು ಬಲಮೂಲೆಯಲ್ಲಿ ಹೊಡೆದು ಪೆನ್ಸಿಲ್ ಕೆಳಗಿಟ್ಟು, ಇಷ್ಟೇನಾ ಎಂಬಂತೆ ನನ್ನನ್ನು ನೋಡಿದರು. ಎದುರಿಗೆ ಕುಳಿತು ನನ್ನ ಮೂಗನ್ನೇ ನೋಡಿ ಎಂದು ಹೇಳಿ, ಪಕ್ಕಗಳಲ್ಲಿ ಬೆರಳಾಡಿಸಿ ನೋಡಿದೆ. ಬಲಗಡೆ ಬೆರಳಾಡಿದ ಪ್ರತಿ ಸಲವೂ ತಲೆಯಾಡಿಸಿದರು. ಮಾರ್ಚ್‌ನಲ್ಲಿ ಫೈಲಿಗೆ ಸೇರಿದ ಮಾತನ್ನು ಆಮೇಲೆ ಯಾರೂ ಮತ್ತೆ ಪರೀಕ್ಷಿಸದೆ ಹಾಳೆಯಿಂದ ಹಾಳೆಗೆ ಇಳಿಸಿಕೊಂಡು ಬಂದಿದ್ದೆವು. ಅವರ ನೋಟ ಯಾವಾಗಲೋ ಮರಳಿತ್ತು.

ಆದರೂ ಚಿತ್ರ ಶುರುಮಾಡಿದಾಗ ನೋಟ ಇರಲಿಲ್ಲವೇನೋ ಎಂಬ ಒಂದು ಸಂದೇಹ ಉಳಿಯಿತು. ಹಕ್ಕಿಯ ಇದ್ದಿಲ ಗೆರೆಯನ್ನಾದರೂ ಇಳಿಸಿಕೊಂಡು ಅಳಿಸಿದ್ದಾರೆಯೇ ಎಂದು ನೋಡಲು ಚಿತ್ರವನ್ನು ಕಿಟಕಿಯ ಹತ್ತಿರ ಓರೆಯಾಗಿ ಹಿಡಿದೆ. ಇದ್ದಿಲು ಇರಲಿಲ್ಲ. ಬೇರೆ ಏನೋ ಇತ್ತು. ಖಾಲಿ ಜಾಗದ ನಡುವೆ, ಗೊರವಂಕ ಇಳಿಯಬೇಕಾಗಿದ್ದ ಕಡೆ, ಬಿಳಿಯ ಮೇಲೆ ಬಿಳಿಯಾಗಿ, ಅಡ್ಡಕ್ಕೆ ಎಳೆದ ಮೂರು ಉಬ್ಬು ಗೆರೆಗಳು.

ಉಮಾಳನ್ನು ಕೇಳಿದೆ. ಅದು ಜೆಸ್ಸೋ ಎಂದಳು. ಸಫೇದ ಪುಡಿಯನ್ನು ಗೋಂದಿನಲ್ಲಿ ಕಲಸಿ ಮಾಡುವ ಲೇಪ. ಒಡವೆ, ಸೆರಗು ಬರುವ ಕಡೆ ಅದನ್ನು ಉಬ್ಬಾಗಿ ಎಳೆದು ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ಚಿನ್ನ ಕಾಣದ ಜೆಸ್ಸೋ ಎಂದರೆ ಮುಗಿಯದ ಕೆಲಸ. "ರೇಕು ಎಲ್ಲಾ ನಾನೇ ಅಂಟಿಸಿದ್ದು ಮೇಡಂ. ಅಲ್ಲಿ ಅಂಟಿಸೋಕೆ ಹೋದಾಗ ಅಮ್ಮ ನನ್ನ ಕೈ ತಳ್ಳಿದ್ರು. ಎಡಗೈಲಿ ಎಳೆದು ಪ್ರಯೋಗ ನೋಡಿದಾರೆ ಅಂದ್ಕೊಂಡು ಸುಮ್ಮನಾದೆ."

ನನಗೆ ಬೇಕಾದ ಸಾಕ್ಷಿ ಸಿಕ್ಕಿತ್ತು. ಆ ಜಾಗ ಅವರಿಗೆ ಕಂಡಿದೆ, ಅಲ್ಲಿ ಕೈಯಾಡಿಸಿದ್ದಾರೆ, ಹಕ್ಕಿಯನ್ನು ಬಿಟ್ಟದ್ದು ಬೇಕೆಂದೇ. ಶನಿವಾರ ಶಿವಬಸಪ್ಪನವರು ಬಂದಾಗ ಗಿರಿಜಾಂಬ ಇನ್ನೂ ಉಮಾ ಜೊತೆ ಫಿಸಿಯೋಥೆರಪಿಯಲ್ಲಿದ್ದರು. ಗೆರೆ ಹೊಡೆದ ಹಾಳೆ ತೋರಿಸಿದೆ, ಚಿತ್ರವನ್ನು ಓರೆ ಹಿಡಿದು ತೋರಿಸಿದೆ, ಅರ್ಥವಾಗದೇ ಹೋದೀತೆಂದು ಅವರ ಬೆರಳು ಹಿಡಿದು ಆ ಉಬ್ಬಿನ ಮೇಲೆ ಇಟ್ಟೆ. ವಿದ್ಯಾರ್ಥಿಗಳಿಗೆ ಪಾಠ ಹೇಳುವವಳ ಉತ್ಸಾಹವಿತ್ತು ನನ್ನಲ್ಲಿ.

ಅವರ ಬೆರಳು ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಹೋಯಿತು. ಆಮೇಲೆ ಯಾಕೋ ಮೂರು ಬೆರಳುಗಳನ್ನು ಒಟ್ಟಿಗೆ ಅದರ ಮೇಲಿಟ್ಟರು. ಮೂರು ಬೆರಳಿಗೆ ಮೂರು ಗೆರೆ ಸರಿಯಾಗಿ ಕೂತವು.

"ಇದು ವಿಭೂತಿ ಮೇಡಂ" ಎಂದರು.

ನಾನು ತಲೆಯೆತ್ತಿ ನೋಡಿದೆ. ಅವರ ಹಣೆಯ ಮೇಲೆ, ಬಂದಾಗಲೆಲ್ಲ ನಾನು ನೋಡುತ್ತಿದ್ದ ಹಣೆಯ ಮೇಲೆ, ಅವೇ ಮೂರು ಗೆರೆಗಳಿದ್ದವು.

"ನಾನೇ ಹೇಳಿದ್ದೆ ಇವ್ಳಿಗೆ" ಎಂದರು. "ಮಣ್ಣು ಮಾಡಿ ಸೀದಾ ಆಸ್ಪತ್ರೆಗೆ ಬಂದೆ ಅವತ್ತು. ಮನೆ ತುಂಬ ಜನ, ಅಳಕ್ಕೂ ಬುಡಲ್ಲ, ನೀನೇ ಧೈರ್ಯ ತಂದ್ಕೋಬೇಕು ಅಂತಾರೆ. ಇವ್ಳಿಗೆ ಏನೂ ತಿಳಿಯಲ್ಲ ಅಂದಿದ್ರಲ್ಲ ಡಾಕ್ಟ್ರು. ಅದಕ್ಕೇ ಇವ್ಳ ಪಕ್ಕ ಕೂತು ಎಲ್ಲಾ ಹೇಳ್ಬುಟ್ಟೆ. ಇನ್ಯಾರ ಹತ್ರ ಹೇಳ್ಲಿ? ನನ್ನ ಹಣೆಗೆ ಅವ್ನು ಹಚ್ಚಬೇಕಾಗಿತ್ತು, ನಾನು ಅವ್ನ ಹಣೆಗೆ ವಿಭೂತಿ ಹಚ್ಚಿ ಬಂದೆ ಕಣೇ ಅಂದೆ. ಇವ್ಳು ಕಣ್ಣು ಮುಚ್ಚಿದ್ಲು. ನಿದ್ದೆ ಬಂತು ಅಂದ್ಕೊಂಡೆ."

ಜೂನ್ ತಿಂಗಳಲ್ಲಿ ಅವರು ಬೆಂಚಿನ ಮೇಲೆ ಕುಸಿದು ಕುಳಿತದ್ದು ಯಾಕೆಂದು ನನಗೆ ಆಗ ಅರ್ಥವಾಯಿತು. ಹೆಂಡತಿಗೆ ಎಲ್ಲ ಅರ್ಥವಾಗುತ್ತದೆ ಎಂದು ನಾನು ಹಿಗ್ಗಿನಿಂದ ಹೇಳಿದ ದಿನದಿಂದ ಈ ಮನುಷ್ಯ ಭಯದಲ್ಲಿ ಬದುಕಿದ್ದರು. ಅವತ್ತಿನ ಮಾತು ಅವಳಿಗೆ ಮುಟ್ಟಿರಬಾರದು ಎಂದು ಪುಣೆಯ ಕಥೆಗೆ ದಿನಾ ಒಂದೊಂದು ಕಲ್ಲು ಸೇರಿಸುತ್ತಾ ಬಂದಿದ್ದರು.

ಉಮಾ ತಾಯಿಯ ಗಾಲಿಕುರ್ಚಿ ತಳ್ಳಿಕೊಂಡು ಒಳಗೆ ಬಂದಳು. ಚಿತ್ರ ಮೇಜಿನ ಮೇಲಿತ್ತು. ಗಿರಿಜಾಂಬ ಚಿತ್ರ ನೋಡಿದರು, ಗಂಡನ ಬೆರಳು ಎಲ್ಲಿದೆ ಎಂದು ನೋಡಿದರು, ಆಮೇಲೆ ಗಂಡನ ಮುಖ ನೋಡಿದರು.

"ಅವತ್ತು ವಾರ್ಡಲ್ಲಿ ನಾನು ಹೇಳಿದ್ದು ನಿನಗೆ ಕೇಳಿಸ್ತಾ?" ಎಂದು ಕೇಳಿದರು ಶಿವಬಸಪ್ಪ.

ಅವರು ತಲೆಯಾಡಿಸಿದರು. ಹೌದು.

ಉಮಾ ಗಾಲಿಕುರ್ಚಿಯ ಹಿಡಿ ಬಿಟ್ಟು ಗೋಡೆಗೆ ಒರಗಿದಳು. ತಂದೆ ಮೊದಲೇ ಹೇಳಿಬಿಟ್ಟಿದ್ದು ಅವಳಿಗೂ ಗೊತ್ತಿರಲಿಲ್ಲ. ಶಿವಬಸಪ್ಪನವರು ಅಳುತ್ತಲೇ ಕೇಳಿದರು: "ಮತ್ತೆ ನಾನು ದಿನಾ ಪುಣೆ ಪುಣೆ ಅಂತಿದ್ರೆ ನಗ್ತಿದ್ಯಲ್ಲೇ. ಯಾಕೆ ನಗ್ತಿದ್ದೆ?"

ಯಾಕೆ ಎಂಬ ಪ್ರಶ್ನೆಗೆ ಅಫೇಸಿಯಾ ಆದವರು ತಲೆಯಾಡಿಸಿ ಉತ್ತರ ಕೊಡಲಾರರು. ಗಿರಿಜಾಂಬ ಬಾಯಿ ತೆರೆದರು, ಮುಚ್ಚಿದರು, ನನ್ನ ಕಡೆ ನೋಡಿದರು. ಪ್ರಶ್ನೆಯನ್ನು ಹೌದು ಅಲ್ಲ ಎನ್ನುವಂತೆ ಒಡೆದುಕೊಡುವುದು ನನ್ನ ಕೆಲಸ. "ಯಜಮಾನರಿಗೆ ನೋವಾಗಬಾರದು ಅಂತಾನಾ?" ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಅಲ್ಲ ಎಂದು ತಲೆಯಾಡಿಸಿದರು. "ಅವರು ಅವತ್ತು ಹೇಳಿದ್ದು ನಿಜ ಅಲ್ಲ ಅನ್ನಿಸಿತ್ತಾ?" ಅದಕ್ಕೂ ಅಲ್ಲ. ನನಗೆ ಬೇರೆ ಪ್ರಶ್ನೆ ಹೊಳೆಯಲಿಲ್ಲ. ಪುಸ್ತಕದಲ್ಲಿ ಓದಿದ್ದೆಲ್ಲ ಅಲ್ಲಿಗೆ ಮುಗಿಯಿತು.

ಉಮಾ ಬಂದು ತಾಯಿಯ ಕಾಲ ಹತ್ತಿರ ಕುಳಿತಳು.

"ಅಮ್ಮ, ಅಪ್ಪ ಹೇಳೋ ಪುಣೆ ಕಥೆ ಕೇಳೋಕೆ ನಿನಗೆ ಇಷ್ಟ ಆಗ್ತಿತ್ತಾ?"

ಗಿರಿಜಾಂಬ ಹೌದೆಂದು ತಲೆಯಾಡಿಸಿದರು. ಒಂದು ಸಲ ಅಲ್ಲ, ಮತ್ತೆ ಮತ್ತೆ ಆಡಿಸಿದರು. ಕಣ್ಣೀರು ಬಲಗೆನ್ನೆಯ ಮೇಲೆ ಇಳಿದದ್ದು ಅವರಿಗೆ ಗೊತ್ತಾಗಲಿಲ್ಲ. ಆ ಕಡೆ ಸ್ಪರ್ಶವಿರಲಿಲ್ಲ. ಉಮಾ ಒರೆಸಿದಳು.

ಮಗ ಸತ್ತದ್ದು ಅವರಿಗೆ ಮೊದಲ ದಿನದಿಂದ ಗೊತ್ತಿತ್ತು. ಆದರೆ ದಿನಾ ಸಂಜೆ ಗಂಡ ಬಂದು ಕುಳಿತು ಅವನನ್ನು ಸ್ವಲ್ಪ ಹೊತ್ತು ಬದುಕಿಸುತ್ತಿದ್ದರು. ಅವನು ಚಪಾತಿ ತಿನ್ನುತ್ತಿದ್ದ, ದಪ್ಪವಾಗುತ್ತಿದ್ದ, ಅಡುಗೆ ಕಲಿಯುತ್ತಿದ್ದ. ಆ ನಗು ನಟನೆಯಲ್ಲ. ನಾನು ಬೀರುವಿನ ಕಡೆ ತಿರುಗಿ ನಿಲ್ಲುತ್ತಿದ್ದ ಆ ಹೊತ್ತಿನಲ್ಲಿ ಆ ತಾಯಿಗೆ ಸಿಗುತ್ತಿದ್ದ ಸುಖ ನಿಜವಾದದ್ದು. ಈಗ ಎಲ್ಲರಿಗೂ ಎಲ್ಲ ಗೊತ್ತಾದ ಮೇಲೆ ಅದನ್ನು ಹೇಳುವವರು ಯಾರು? ಆ ಮಧ್ಯಾಹ್ನ ಅವರು ಮೂವರೂ ಆಟೋ ಹತ್ತಿ ಹೋದ ಮೇಲೆ ನಾನು ಬಾಗಿಲು ಹಾಕಿಕೊಂಡು ಅತ್ತೆ. ಹದಿನಾಲ್ಕು ವರ್ಷದಲ್ಲಿ ಕೆಲಸದ ಜಾಗದಲ್ಲಿ ಅತ್ತದ್ದು ಅದೇ ಮೊದಲು.

ಮುಂದಿನ ವಾರ ಶಿವಬಸಪ್ಪನವರು ಒಬ್ಬರೇ ಬಂದು ಬೆಂಚಿನ ಮೇಲೆ ಕುಳಿತರು. "ಸಂಜೆ ಆದ್ರೆ ನನ್ನ ಮುಖ ನೋಡ್ಕೊಂಡು ಕೂತಿರ್ತಾಳೆ ಮೇಡಂ. ಪುಣೆ ಅನ್ನಕ್ಕೆ ನಂಗೆ ಬಾಯಿ ಬರಲ್ಲ. ಸುಮ್ನೆ ಕೂತಿರ್ತೀವಿ ಇಬ್ರೂ." ಟೀ ತರಿಸಿಕೊಟ್ಟೆ. ಅದನ್ನೂ ಪೂರ್ತಿ ಕುಡಿಯಲಿಲ್ಲ.

ಥೆರಪಿ ಮುಂದುವರಿಯಿತು. ಗಿರಿಜಾಂಬ ಅವರಿಗೆ ಕೆಲವು ಪದಗಳು ಬಂದವು. ನೀರು, ಸಾಕು, ಉಮಾ. ಮಗನ ಹೆಸರನ್ನು ನಾನು ಹೇಳಿಸಲು ಹೋಗಲಿಲ್ಲ, ಅವರೂ ಹೇಳಲಿಲ್ಲ. ಆ ವರ್ಷದಿಂದ ನಮ್ಮ ಆಸ್ಪತ್ರೆಯಲ್ಲಿ ನಾನು ಹೊಸ ನರ್ಸುಗಳಿಗೂ ವಿದ್ಯಾರ್ಥಿಗಳಿಗೂ ಒಂದು ಮಾತನ್ನು ತಪ್ಪದೆ ಹೇಳತೊಡಗಿದೆ: ಮಾತಾಡದವರಿಗೆ ಕೇಳಿಸುವುದಿಲ್ಲ ಎಂದುಕೊಂಡು ಹಾಸಿಗೆಯ ಪಕ್ಕ ಬಾಯಿ ಬಿಡಬೇಡಿ. ಹಾಗೆ ಹೇಳುವಾಗಲೆಲ್ಲ ನನಗೇ ಒಂದು ಅನುಮಾನ ಬರುತ್ತಿತ್ತು. ಶಿವಬಸಪ್ಪನವರು ಅವತ್ತು ಬಾಯಿ ಬಿಡದಿದ್ದರೆ ಆ ಸಂಜೆಯನ್ನು ಹೇಗೆ ದಾಟುತ್ತಿದ್ದರು?

೨೦೦೨ರ ಕೊನೆಯಲ್ಲಿ ಒಂದು ಮಧ್ಯಾಹ್ನ ಸಂತೇಪೇಟೆಗೆ ಹೋದಾಗ ಅವರ ಅಂಗಡಿಯ ಮುಂದೆ ನಿಂತೆ. ಒಳಗೆ ಕರೆದು ಸ್ಟೂಲ್ ಕೊಟ್ಟರು. ಗಿರಿಜಾಂಬ ಹೇಗಿದ್ದಾರೆ, ಸಂಜೆ ಹೊತ್ತು ಹೇಗೆ ಕಳೆಯುತ್ತದೆ ಎಂದು ಕೇಳಿದೆ.

"ಕಥೆ ಹೇಳ್ತೀನಿ ಮೇಡಂ. ಪುಣೆದಲ್ಲ, ನಿಜದ್ದೇ. ಅವ್ನು ಹುಟ್ಟಿದ ದಿನದಿಂದ ಶುರು ಮಾಡ್ದೆ. ಹೆರಿಗೆ ಆಸ್ಪತ್ರೆ ಬಾಗ್ಲಲ್ಲಿ ನಾನು ಚಪ್ಪಲಿ ಕಳ್ಕೊಂಡಿದ್ದು, ಅವ್ನು ಬಾಲವಾಡಿ ಗೇಟ್ ಹಾರಿ ಓಡಿ ಬಂದಿದ್ದು, ಎಸ್ಸೆಸ್ಸೆಲ್ಸಿ ಗಣಿತ, ಎಲ್ಲಾ. ದಿನಾ ಇಷ್ಟಿಷ್ಟು. ಮೇಟಗಳ್ಳೀಲಿ ಕೆಲ್ಸ ಸಿಕ್ಕಿ ಸ್ಕೂಟರ್ ತಗೊಂಡ ಅನ್ನೋ ಕಡೆಗೆ ಬಂದ್ರೆ ಸಾಕು, ಎಡಗೈ ಎತ್ತಿ ನಿಲ್ಸು ಅಂತಾಳೆ."

"ಆಮೇಲೆ?"

"ಮತ್ತೆ ಮೊದ್ಲಿಂದ ಅಂತ ಸನ್ನೆ ಮಾಡ್ತಾಳೆ. ಎಷ್ಟು ಸಲ ಹುಟ್ಟವ್ನೋ ನಮ್ಮ ಹುಡುಗ, ಲೆಕ್ಕ ಇಟ್ಟಿಲ್ಲ."

ಕಾಯಿಲೆಯವರಿಗೆ ಸತ್ಯ ಹೇಳಬೇಕೇ ಬೇಡವೇ ಎಂದು ಬಾಗಿಲಾಚೆ ನಿಂತು ಪಿಸುಗುಟ್ಟುವುದನ್ನು ನನ್ನ ಸರ್ವಿಸಿನುದ್ದಕ್ಕೂ ಕಂಡಿದ್ದೇನೆ, ನಾನೂ ಪಿಸುಗುಟ್ಟಿದ್ದೇನೆ. ಆ ಪ್ರಶ್ನೆಯೇ ನಮ್ಮದಲ್ಲ ಎಂದು ನನಗೆ ಕಲಿಸಿದ್ದು ಈ ಕೇಸು. ಒಳಗಿರುವವರಿಗೆ ಸಾಮಾನ್ಯವಾಗಿ ಎಲ್ಲ ಗೊತ್ತಿರುತ್ತದೆ. ಎಲ್ಲಿಯವರೆಗೆ ಕೇಳಬೇಕು ಎಂಬುದನ್ನು ಅವರೇ ತೀರ್ಮಾನಿಸಬೇಕು. ಅಲ್ಲಿಗೆ ನಿಲ್ಲಿಸುವುದು ಹೇಳುವವರ ಕೆಲಸ. ಶಿವಬಸಪ್ಪನವರಿಗೆ ಇದನ್ನು ಯಾವ ಥೆರಪಿಸ್ಟೂ ಹೇಳಿಕೊಟ್ಟಿರಲಿಲ್ಲ. ಹೆಂಡತಿಯ ಎಡಗೈ ಮೇಲೆದ್ದ ಕೂಡಲೇ ಅವರು ಮಗ ಕೊಳ್ಳಬೇಕಿದ್ದ ಸ್ಕೂಟರನ್ನು ಷೋರೂಮಿನಲ್ಲೇ ಬಿಟ್ಟು, ಹೆರಿಗೆ ಆಸ್ಪತ್ರೆಯ ಬಾಗಿಲಿಗೆ ಹಿಂದಿರುಗಿ, ಮತ್ತೆ ಚಪ್ಪಲಿ ಕಳೆದುಕೊಳ್ಳುತ್ತಿದ್ದರು.